ತಾಮಕ್ಕನ ಗದ್ದೆಯ ನೀರೆತ್ತಿದ್ದು

ಅವರ್ಸಾ

ವಿಯೆಟ್ನಾಮಿಗೆ ಹೋಗಿ ಬಂದೆ ಎಂದು ಗೊತ್ತಾದ ಮೇಲೆ ಅಂಕೋಲಾ ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ಹಾವು ತಿಂತ್ರಂತೆ, ಹೌದಾ?" ಹೌದು, ತಿನ್ನುತ್ತಾರೆ. ನಾನು ತಿನ್ನಲಿಲ್ಲ. ಇಷ್ಟನ್ನು ಮೊದಲೇ ಹೇಳಿ ಮುಗಿಸಿಬಿಟ್ಟರೆ ಉಳಿದದ್ದನ್ನು ನಿಧಾನವಾಗಿ ಹೇಳಬಹುದು.

ನಾನು ಸದಾಶಿವಗಡದ ಮೀನುಗಾರರ ಮನೆಯ ಮಗಳು. ಅವರ್ಸಾಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ಭತ್ತದ ಸಸಿಗೂ ಹುಲ್ಲಿಗೂ ವ್ಯತ್ಯಾಸ ಗೊತ್ತಾಗದೆ ಸಸಿಯನ್ನೇ ಕಿತ್ತು ಎಮ್ಮೆಗೆ ಹಾಕಿದ್ದೆ. ಗಂಡ ದೋಣಿಗೆ, ಅತ್ತೆ ಗದ್ದೆಗೆ, ನಾನು ಎರಡಕ್ಕೂ. ನಮ್ಮ ಮನೆ ನಡೆಯುವುದು ಹೀಗೆ. ಅತ್ತೆಯ ಹೆಸರು ತುಳಸಿ. ಗಂಡ ಕರೆದಂತೆ ನಾನೂ ಅವರನ್ನು ಆಯಿ ಎಂದೇ ಕರೆಯುವುದು. ನನ್ನ ಹೆಸರು ಶೋಭಾ, ಆದರೆ ಆಯಿಗೆ ಸಿಟ್ಟು ಬಂದಾಗ ಮಾತ್ರ ಅದು ನೆನಪಾಗುತ್ತದೆ.

ನಮ್ಮ ಬೈಲಿನಲ್ಲಿ ಮಳೆಗಾಲ ಮುಗಿದ ಮೇಲೆ ಹಳ್ಳಕ್ಕೆ ಮಣ್ಣಿನ ಕಟ್ಟು ಹಾಕಿ, ಆ ನೀರಿನಲ್ಲಿ ಬೇಸಿಗೆ ಬೆಳೆ ತೆಗೆಯುತ್ತೇವೆ. ನೀರು ಮೊದಲು ಬರುವುದು ನಮ್ಮ ಗದ್ದೆಗೆ. ಅಲ್ಲಿಂದ ಅಂಚಿನ, ಅಂದರೆ ಬದುವಿನ, ಬಾಯಿ ಬಿಡಿಸಿದರೆ ಕೆಳಗಿನವರ ಗದ್ದೆಗೆ, ಅಲ್ಲಿಂದ ಅದರ ಕೆಳಗಿನವರಿಗೆ. ಹಾಗಾಗಿ ಆಯಿ ಬಿಟ್ಟರೆ ನೀರು, ಕಟ್ಟಿದರೆ ಇಲ್ಲ. ಪಂಚಾಯತಿಯಲ್ಲಿ ಯಾರು ಗೆದ್ದರೂ ಬೈಲಿನಲ್ಲಿ ಅಧಿಕಾರ ನಡೆಸುವವರು ಅವರೇ.

ಹೋದ ವರ್ಷ ನಮ್ಮ ಹೆಂಗಸರ ಗುಂಪಿಗೆ ಬೆಳೆಯ ಬಗ್ಗೆ ಹೇಳಲು ಒಬ್ಬರು ಮೇಡಂ ಬಂದಿದ್ದರು. ನೀರು ನಿಂತ ಗದ್ದೆಗೆ ಕಾಲಿಟ್ಟರೆ ಕೆಸರಿನಿಂದ ಗುಳುಗುಳು ಅಂತ ಗುಳ್ಳೆ ಏಳುತ್ತದಲ್ಲ, ಅದರ ಬಗ್ಗೆ ಮಾತಾಡಿದರು. ಗಾಳಿಯಾಡದ ಕೆಸರಿನಲ್ಲಿ ಹುಲ್ಲು, ಬೇರು ಕೊಳೆತಾಗ ಹುಟ್ಟುವ ಮಿಥೇನ್ ಅನಿಲವಂತೆ ಅದು. ಮೇಲೆ ಹೋಗಿ ಭೂಮಿಯ ಬಿಸಿ ಏರಿಸುತ್ತದಂತೆ. ನಡುನಡುವೆ ಗದ್ದೆಯನ್ನು ಸ್ವಲ್ಪ ಆರಲು ಬಿಟ್ಟರೆ ಕೆಸರಿನೊಳಗೆ ಗಾಳಿ ಹೋಗಿ ಗುಳ್ಳೆ ಕಡಿಮೆಯಾಗುತ್ತದೆ, ನೀರೂ ಉಳಿಯುತ್ತದೆ, ಭತ್ತಕ್ಕೇನೂ ಆಗುವುದಿಲ್ಲ ಎಂದರು. ನಮ್ಮ ಗುಂಪಿನವರಿಗೆ ಮಾಡಿ ನೋಡುವ ಮನಸ್ಸಾಯಿತು. ಬೇಸಿಗೆಯ ಕೊನೆಗೆ ಹಳ್ಳ ಬತ್ತಿ ಕೆಳಗಿನ ಗದ್ದೆಗಳಿಗೆ ನೀರು ಸಾಲದೆ ಜಗಳವಾಗುವುದು ಪ್ರತಿ ವರ್ಷದ ಪಾಡು. ನನಗಂತೂ ತುಂಬಾ ಆಸೆಯಾಯಿತು. ಆದರೆ ಮೇಲಿನ ಗದ್ದೆಯೇ ಆರದಿದ್ದರೆ ಕೆಳಗಿನವು ಆರುವುದು ಹೇಗೆ?

"ಹೆದ್ದಾರಿ ಮೇಲೆ ಹಗಲೂ ರಾತ್ರಿ ಲಾರಿ ಹೊಗೆ ಬಿಡ್ತದೆ. ಅದನ್ನ ಕೇಳೋರು ಯಾರೂ ಇಲ್ಲ," ಎಂದರು ಆಯಿ. "ನನ್ನ ಗದ್ದೆ ಗುಳ್ಳೆ ಮಾತ್ರ ಕಂಡ್ತಾ ಇವ್ರಿಗೆ?"

ಮಾತು ತಪ್ಪೇನಲ್ಲ. ಆದರೆ ಆಯಿಯ ನಿಜವಾದ ಭಯ ಬೇರೆ. ಅವರು ಮದುವೆಯಾಗಿ ಬಂದ ಕಾಲದಲ್ಲಿ ಹೊಳೆಬದಿಯ ಒಡ್ಡು ಒಡೆದು ಸಮುದ್ರದ ನೀರು ಬೈಲಿಗೆ ನುಗ್ಗಿತ್ತಂತೆ. ನೀರು ಇಳಿದು ನೆಲ ಆರಿದಾಗ ಗದ್ದೆ ತುಂಬ ಬೆಳ್ಳಗೆ ಉಪ್ಪು. ಅದನ್ನು ತೊಳೆಯಲು ಎಷ್ಟೋ ಮಳೆಗಾಲ ಬೇಕಾಯಿತು. ಅಂದಿನಿಂದ ಆರಿದ ಗದ್ದೆ ಕಂಡರೆ ಆಯಿಯ ಎದೆ ಹೊಡೆದುಕೊಳ್ಳುತ್ತದೆ. ನಮ್ಮಲ್ಲಿ ಇನ್ನೂ ಒಂದು ರೂಢಿ ಇದೆ: ದಾರಿಯಲ್ಲಿ ಹೋಗುವಾಗ ಯಾರದೇ ಗದ್ದೆಯ ಅಂಚು ಸೋರುವುದು ಕಂಡರೂ ನಿಂತು, ಎರಡು ಹಿಡಿ ಕೆಸರು ಮೆತ್ತಿಯೇ ಮುಂದೆ ಹೋಗಬೇಕು. ಮಾತು ಬಿಟ್ಟವರ ಗದ್ದೆಯಾದರೂ ಸರಿ.

ಹೀಗಿರುವಾಗ ವಿಯೆಟ್ನಾಮಿನ ರೈತರ ಗದ್ದೆ ನೋಡಲು ಗುಂಪಿನಿಂದ ಇಬ್ಬರಿಗೆ ಕರೆ ಬಂತು. ಒಬ್ಬಳು ನಾನು. ಇನ್ನೊಬ್ಬರು ಯಾರು ಎಂದು ಎಲ್ಲರೂ ಮುಖ ನೋಡಿಕೊಳ್ಳುವಾಗ ನಾನೇ ಆಯಿಯ ಹೆಸರು ಹೇಳಿದೆ. ಅವರ ಮನಸ್ಸು ತಿರುಗಿದರೆ ಬೈಲೇ ತಿರುಗಿದಂತೆ ಎಂಬ ಲೆಕ್ಕ ನನ್ನದು. ಆಯಿಗೂ ಅದು ಗೊತ್ತಿತ್ತು.

"ಬತ್ತೆ," ಎಂದರು. "ಆದ್ರೆ ಹೂಂ ಅಂತೆ ಅಂತ ಮಾತ್ರ ತಿಳ್ಕಬೇಡ."

ಗೋವಾದ ವಿಮಾನ ನಿಲ್ದಾಣ

ಆಯಿಯ ಚೀಲದಲ್ಲಿ ಏನೇನಿದೆ ಎಂದು ನಾನು ಮನೆಯಲ್ಲೇ ನೋಡಬೇಕಿತ್ತು. ತಪಾಸಣೆಯ ಯಂತ್ರದಿಂದ ಹೊರಬಂದ ಚೀಲವನ್ನು ಕಾವಲಿನವನು ತೆರೆದದ್ದೇ ತಡ, ಸುತ್ತಲಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಒಳಗೆ ಒಣ ಶೆಟ್ಲಿ, ಅಂದರೆ ನಮ್ಮ ಕಡೆಯ ಒಣಗಿಸಿದ ಸಿಗಡಿ, ಒಂದು ದೊಡ್ಡ ಪೊಟ್ಟಣ. ಅದರ ಜೊತೆ ಮುರುಗಲ ಸಿಪ್ಪೆ, ಹಪ್ಪಳ, ಮತ್ತು ಕುಚಲಕ್ಕಿ.

"ಆಯಿ, ಅಕ್ಕಿ ಯಾಕೆ? ನಾವು ಹೋಗ್ತಿರೋದೇ ಅಕ್ಕಿ ಬೆಳೆಯೋ ದೇಶಕ್ಕೆ!"

"ಅವ್ರ ಅಕ್ಕಿ ಹೊಟ್ಟೆಗೆ ಆಗದಿದ್ರೆ?"

ಕಾವಲಿನವನು ನಮ್ಮ ಕರಾವಳಿಯವನೇ ಇರಬೇಕು. ಪೊಟ್ಟಣವನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ, ಆಮೇಲೆ ಕೊಂಕಣಿಯಲ್ಲಿ ಎಲ್ಲಿಯ ಸಿಗಡಿ ಎಂದು ವಿಚಾರಿಸಿದ. ಆಯಿ ಅವನಿಗೆ ಹಿಡಿದ ಜಾಗ, ಒಣಗಿಸಿದ ಬಗೆ, ಚಟ್ನಿ ಮಾಡುವ ಕ್ರಮ ಎಲ್ಲವನ್ನೂ ಹೇಳಿದರು. ಹಿಂದಿನ ಸಾಲು ಗೊಣಗುತ್ತಿತ್ತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವನು ಮಾತ್ರ ಚೀಲವನ್ನು ತಾನೇ ಅಚ್ಚುಕಟ್ಟಾಗಿ ಕಟ್ಟಿಕೊಟ್ಟ.

ವಿಮಾನದಲ್ಲಿ ಆಯಿ ಕಿಟಕಿಗೆ ಹಣೆ ಒತ್ತಿ ಕುಳಿತವರು, ಕೆಳಗೆ ಮೋಡ ಬಂದ ಮೇಲೆ, "ಇನ್ನೆಂತ ಅದೆ ನೋಡೂಕೆ," ಎಂದು ಸೆರಗು ಹೊದ್ದು ನಿದ್ದೆ ಹೋದರು.

ಕಾಲುವೆಯ ಮೇಲೆ

ಮೆಕಾಂಗ್ ನದಿ ಸಮುದ್ರ ಸೇರುವ ಮುಂಚೆ ಹತ್ತಾರು ಕವಲಾಗಿ ಹರಡಿಕೊಂಡ ಬಯಲು ಅದು. ಗುಡ್ಡವೆಂಬುದೇ ಇಲ್ಲ. ಒಂದು ಕಡೆ ಸಮುದ್ರ, ಒಂದು ಕಡೆ ಗುಡ್ಡ ನೋಡಿ ಬೆಳೆದ ನಮಗೆ ಮೊದಲ ದಿನ ಬೆನ್ನಿಗೆ ಆನಿಸಲು ಏನೂ ಇಲ್ಲದ ಹಾಗೆ ಅನಿಸಿತು. ತೆಂಗು ಮಾತ್ರ ನಮ್ಮದೇ ತೆಂಗು. ಮನೆಯ ಮುಂದೆ ರಸ್ತೆ ಇರುವಲ್ಲಿ ಅವರಿಗೆ ಕಾಲುವೆ, ಬೈಕು ನಿಲ್ಲಿಸುವಲ್ಲಿ ದೋಣಿ.

ನಮ್ಮ ಮಾರ್ಗದರ್ಶಿ ಮಿನ್ ಎಂಬ ನಲವತ್ತರ ಆಸುಪಾಸಿನ ದುಂಡನೆಯ ಮನುಷ್ಯ. ರೈತರಿಗೆ ಸಲಹೆ ಕೊಡುವ ಕೆಲಸ ಅವನದು. ಅವನ ಇಂಗ್ಲಿಷು, ನನ್ನ ಇಂಗ್ಲಿಷು ಎರಡೂ ಕುಂಟುತ್ತಿದ್ದವು, ಹಾಗಾಗಿ ಚೆನ್ನಾಗಿಯೇ ಹೊಂದಿಕೊಂಡವು. ದೋಣಿ ಹತ್ತುವಾಗ ಅವನು ಆಯಿಗೆ ಕೈಕೊಡಲು ಬಂದ. ಆಯಿ ಸೀರೆ ಎತ್ತಿ ಕಟ್ಟಿ, ಅವನಿಗಿಂತ ಮುಂಚೆ ಹಾರಿ ಒಳಗೆ ನಿಂತು, ತೂಗಾಡುತ್ತಿದ್ದ ಅವನಿಗೇ ಕೈಕೊಟ್ಟರು.

ದಾರಿಯುದ್ದಕ್ಕೂ ಅಂಗಡಿ, ಮನೆ, ಗ್ಯಾರೇಜು, ಎಲ್ಲೆಲ್ಲೂ ಜೋಲಿ. ಕೂರಲು ಕುರ್ಚಿ ಕೊಡುವ ಬದಲು ಮಲಗಲು ಜೋಲಿ ಕೊಡುತ್ತಾರೆ. ಬೈಕು ರಿಪೇರಿಗೆ ಬಂದವನೂ ಜೋಲಿಯಲ್ಲಿ ಬಿದ್ದುಕೊಂಡೇ ಕಾಯುತ್ತಾನೆ. ನಮ್ಮಲ್ಲಿ ಮಗುವಿಗೆ ಬಿಟ್ಟರೆ ಯಾರಿಗೂ ಆ ಸುಖ ಇಲ್ಲ. ಗದ್ದೆಗಳ ಮೇಲೆ ದೊಡ್ಡ ದುಂಬಿಯಂಥ ಡ್ರೋನುಗಳು ಗೊಬ್ಬರ ಚೆಲ್ಲುತ್ತ ಹಾರುತ್ತಿದ್ದವು.

"ಬೆನ್ನು ಬಗ್ಸೂದೇ ಬ್ಯಾಡ ಇವ್ರಿಗೆ," ಎಂದರು ಆಯಿ. ಅದು ಮೆಚ್ಚುಗೆಯೋ ಹೊಟ್ಟೆಕಿಚ್ಚೋ ತಿಳಿಯಲಿಲ್ಲ. ನನಗಂತೂ ಹೊಟ್ಟೆಕಿಚ್ಚೇ ಆಯಿತು.

ತಾಮಕ್ಕನ ಮನೆ

ನಾವು ಉಳಿದದ್ದು ತಾಮ್ ಎಂಬಾಕೆಯ ಮನೆಯಲ್ಲಿ. ತಾಮ್ ಎಂದರೆ ಎಂಟು. ಆ ಕಡೆ ಮಕ್ಕಳನ್ನು ಹುಟ್ಟಿದ ಕ್ರಮದ ಸಂಖ್ಯೆಯಿಂದ ಕರೆಯುತ್ತಾರೆ. ಆದರೆ ಎಣಿಕೆ ಶುರುವಾಗುವುದು ಎರಡರಿಂದ. ಚೊಚ್ಚಲ ಮಗು ಎರಡು, ಹಾಗಾಗಿ ಎಂಟೆಂದರೆ ಏಳನೆಯವಳು. ಒಂದು ಯಾರು ಎಂದು ಕೇಳಿದರೆ ಮಿನ್ ನಕ್ಕ. ದೃಷ್ಟಿ ಬೀಳದಿರಲೆಂದು ಒಂದನ್ನು ಬಿಡುವುದು ಎಂದು ಕೆಲವರು ಹೇಳುತ್ತಾರಂತೆ. ಆಯಿಗೆ ಇದು ಕೂಡಲೇ ಅರ್ಥವಾಯಿತು. ಅವರ ಮಟ್ಟಿಗೆ ಆಕೆ ಆ ಕ್ಷಣದಿಂದ ತಾಮಕ್ಕ.

ತಾಮಕ್ಕನಿಗೆ ಆಯಿಯದೇ ವಯಸ್ಸು, ಆಯಿಯದೇ ಸಣಕಲು ಮೈಕಟ್ಟು. ಊಟಕ್ಕೆ ನುಚ್ಚಕ್ಕಿಯ ಅನ್ನ, ಕಾಲುವೆಯ ಮೀನು, ರಾಶಿ ಸೊಪ್ಪು. ಆಯಿ ತಟ್ಟೆ ನೋಡಿ ನನ್ನ ಕಿವಿಯಲ್ಲಿ, "ನೆಂಟ್ರಿಗೆ ನುಚ್ಚು ಹಾಕ್ತ್ರಲೇ! ನಾವು ಕೋಳಿಗೆ ಹಾಕೂದು," ಎಂದರು. ಮಿನ್‌ನನ್ನು ಕೇಳಿದರೆ ನುಚ್ಚಿನ ಅನ್ನವೆಂದರೆ ಅವರಿಗೆ ಪ್ರೀತಿಯ ಊಟವಂತೆ, ಪೇಟೆಯಲ್ಲಿ ಅದಕ್ಕೆಂದೇ ಅಂಗಡಿಗಳಿವೆಯಂತೆ. ಆಯಿ ತಿಂದರು. ಎರಡನೇ ಸಲ ಬಡಿಸಿಕೊಂಡರು. ಆಮೇಲೆ ಒಣ ಶೆಟ್ಲಿಯ ಪೊಟ್ಟಣ ತೆಗೆದು ಮುಂದಿಟ್ಟರು. ತಾಮಕ್ಕ ಮೂಸಿ, ಎದ್ದು ಒಳಗೆ ಹೋಗಿ, ತನ್ನ ಡಬ್ಬಿ ತಂದಳು. ಅದರಲ್ಲೂ ಒಣ ಸಿಗಡಿ! ಇಬ್ಬರೂ ಒಬ್ಬರದನ್ನೊಬ್ಬರು ಬಾಯಿಗೆ ಹಾಕಿಕೊಂಡು ಅಗಿದರು. ಯಾರದು ರುಚಿ ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು. ಇಬ್ಬರಿಗೂ ತಮ್ಮ ತಮ್ಮದೇ.

ಕತ್ತಲಾಗುವ ಹೊತ್ತಿಗೆ ಹಿತ್ತಲಿಗೆ ಹೋದಾಗ ಗದ್ದೆಯ ನಟ್ಟನಡುವೆ ಸಿಮೆಂಟಿನ ಸಣ್ಣ ಕಟ್ಟೆಯೊಂದು ಕಂಡಿತು. ಅದರ ಮೇಲೆ ಬತ್ತಿ ಹಚ್ಚಿಟ್ಟಿದ್ದರು. ದೇವರ ಕಟ್ಟೆಯೆಂದು ಆಯಿ ಕೈಮುಗಿದರು.

"ಅದು ಇವರ ಅಮ್ಮನ ಸಮಾಧಿ," ಎಂದ ಮಿನ್.

ಸತ್ತವರನ್ನು ಅವರವರ ಗದ್ದೆಯಲ್ಲೇ ಮಲಗಿಸುವುದು ಅಲ್ಲಿಯ ಕ್ರಮ. ಅವರೇ ಉತ್ತ ಭೂಮಿ, ಬಿತ್ತಿದ ಭೂಮಿ, ಅವರನ್ನು ಅಲ್ಲಿಂದ ಎಲ್ಲಿಗೆ ಕಳಿಸುವುದು ಎಂದಳಂತೆ ತಾಮಕ್ಕ. ಸಮುದ್ರ ದೂರವಿದ್ದರೂ ಬೇಸಿಗೆಯಲ್ಲಿ ಉಪ್ಪು ನೀರು ಕಾಲುವೆ ಹಿಡಿದು ಹಿಂದೆಂದೂ ಬಾರದಷ್ಟು ಒಳಗೆ ಬರುತ್ತಿದೆ. ನೀರಿನ ಮಟ್ಟ ಏರಿತೆಂದು ಸಮಾಧಿಯನ್ನು ಆಕೆ ಒಮ್ಮೆ ಎತ್ತರಿಸಿದ್ದಾಳೆ.

ಇದನ್ನು ನಾನು ಕನ್ನಡದಲ್ಲಿ ಹೇಳಿದಾಗ ಆಯಿ ಸಮಾಧಿಯತ್ತ ತಿರುಗಿದರು. "ಉಪ್ಪು ಇಲ್ಲೂ ಬಂತಾ," ಎಂದಷ್ಟೇ ಅಂದರು.

ಮರುದಿನ ಬೆಳಿಗ್ಗೆ ಗದ್ದೆ ಆರಿಸುವುದನ್ನು ತೋರಿಸುವುದು ಎಂದಾಯಿತು. ಹೀಗೆ ಗದ್ದೆ ಆರಿಸಿ ಬೆಳೆದ ಭತ್ತವನ್ನು ಬೇರೆಯಾಗಿ, ಹೆಚ್ಚಿನ ಬೆಲೆಗೆ ಕೊಳ್ಳುವ ಕೂಟದ ತಪಾಸಣೆಯವನೂ ಅದೇ ದಿನ ದೋಣಿಯಲ್ಲಿ ಬರುವವನಿದ್ದ. ತಾಮಕ್ಕ ಮತ್ತು ಅಕ್ಕಪಕ್ಕದವರು ಒಟ್ಟಿಗೆ ಗದ್ದೆ ಆರಿಸಿದ್ದಾರೆಯೇ ಎಂದು ನೋಡಿ ಅವನು ಗುರುತು ಹಾಕಿಕೊಳ್ಳುತ್ತಾನೆ. ಇದು ಆ ಹಂಗಾಮಿನ ಮೊದಲ ಸಲದ ಆರಿಸುವಿಕೆ.

ಬೆಳಗಿನ ಎಡವಟ್ಟು

ಬೆಳಿಗ್ಗೆ ಎಚ್ಚರವಾದಾಗ ಪಕ್ಕದಲ್ಲಿ ಆಯಿ ಇಲ್ಲ. ಹೊರಗೆ ಬಂದರೆ ಮೊಣಕಾಲಿನ ತನಕ ಕೆಸರು ಮಾಡಿಕೊಂಡು, ಮೆಟ್ಟಿಲ ಮೇಲೆ ಕೂತು ಕಾಲು ತೊಳೆಯುತ್ತಿದ್ದರು. ಮುಖದಲ್ಲಿ ಒಳ್ಳೆಯ ಕೆಲಸ ಮಾಡಿ ಬಂದ ಸಮಾಧಾನ.

"ಪಾಪ, ತಾಮಕ್ಕನ ಗದ್ದೆ ಅಂಚು ಒಡ್ದು ನೀರೆಲ್ಲ ಓಡಿಹೋಗಿತ್ತು," ಎಂದರು. "ನೆಲ ಬಿಟ್ಟು ಸೀಳೂಕೆ ಶುರುವಾಗಿತ್ತು. ಗಟ್ಟಿ ಮೆತ್ತಿ ಬಂದೆ. ಕಾಲುವೆ ಕಡೆ ಬಾಯಿ ಬಿಡ್ಸಿ ನೀರೂ ತುಂಬ್ಸಿದೆ. ಅವ್ಳು ಮಲಗಿರ್ಲಿ, ಎಬ್ಬಿಸಬೇಡ."

ನಾನು ಓಡಿಹೋಗಿ ನೋಡಿದರೆ ಗದ್ದೆ ತುಂಬ ತಿಳಿನೀರು, ಆಕಾಶ ಕಾಣುವಷ್ಟು. ಅಂಚಿನ ಬಾಯಿಗೆ ಮೆತ್ತಿದ ಕೆಸರನ್ನು ಅಂಗೈಯಿಂದ ಒರೆದು ನಯ ಮಾಡಿದ್ದರು, ನಮ್ಮೂರಿನ ಹಾಗೆಯೇ. ನೋಡಿದವರು ಹೊಗಳಬೇಕು, ಅಂಥ ಕೆಲಸ.

ನನ್ನ ಸಿಟ್ಟು ನೆತ್ತಿಗೇರಿತು. ಬೇಕೆಂದೇ ಮಾಡಿದ್ದಾರೆ ಎನಿಸಿತು.

"ಆಯಿ, ಇದನ್ನ ನೋಡೋದಕ್ಕೇ ಅಲ್ವಾ ನಾವು ಇಲ್ಲಿತನಕ ಬಂದಿದ್ದು! ಅದು ಒಡೆದಿದ್ದಲ್ಲ, ಅವರೇ ಬಿಟ್ಟಿದ್ದು! ನಿಮಗೆ ಮನಸ್ಸಿಲ್ಲ ಅಂದರೆ ನಮ್ಮ ಗದ್ದೇಲಿ ಬೇಡ ಅನ್ನಿ, ಪರದೇಶದವರ ಗದ್ದೆ ಯಾಕೆ ಹಾಳು ಮಾಡೋದು?"

ಆಯಿಯ ಮುಖ ಬಾಡಿಹೋಯಿತು. "ಆರ್ಸೂದು ಅಂದ್ರೆ ಬಿಸ್ಲಿಗೆ ತಾನಾಗೇ ಆರೂದು ಅಂತ ನಾ ತಿಳ್ಕಂಡಿದ್ದೆ," ಎಂದರು ಮೆಲ್ಲಗೆ. "ಅಂಚು ಕಡ್ದು ಬಿಡ್ತ್ರು ಅಂತ ಯಾರ್ ಹೇಳಿದ್ರು ನಂಗೆ? ಕಂಡೆ, ಕೈ ಹೋಯ್ತು ಮಾರಾಯ್ತಿ. ಕಂಡೂ ಹಂಗೇ ಬರೂದು ಹೆಂಗೆ?"

ಅವರ ದನಿ ಕೇಳಿ ನನ್ನ ಸಿಟ್ಟು ಇಳಿದುಹೋಯಿತು. ಸಿಟ್ಟು ಇಳಿದ ಜಾಗಕ್ಕೆ ಹೆದರಿಕೆ ಬಂತು, ಏಕೆಂದರೆ ಅಷ್ಟರಲ್ಲಿ ತಾಮಕ್ಕ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು.

ಆಕೆ ಗದ್ದೆಗೆ ಇಳಿದು, ಮೂಲೆಯಲ್ಲಿ ಹುಗಿದಿದ್ದ ಪ್ಲಾಸ್ಟಿಕ್ ಪೈಪಿನೊಳಗೆ ಇಣುಕಿದಳು. ಮೈತುಂಬ ತೂತು ಕೊರೆದ ಆ ಪೈಪೇ ಅವರ ಅಳತೆಗೋಲು. ನೆಲದ ಮೇಲಿನ ನೀರು ಆರಿದ ಮೇಲೂ ಕೆಸರಿನೊಳಗೆ ನೀರು ಎಷ್ಟು ಕೆಳಗಿದೆ ಎಂದು ಅದರಲ್ಲಿ ಕಾಣುತ್ತದೆ. ಒಂದು ಗೇಣು ಇಳಿಯುವ ತನಕ ಬೇರಿಗೆ ಬಾಯಾರಿಕೆ ಇಲ್ಲ. ಗೇಣು ಇಳಿದರೆ ನೀರು ಬಿಡಬೇಕು. ಹೂ ಬಿಡುವ ಹೊತ್ತಿಗೆ ಮಾತ್ರ ಆರಿಸುವ ಆಟವೇ ಇಲ್ಲ, ಗದ್ದೆ ತುಂಬ ನೀರಿರಬೇಕು. ಆ ಗೇಣಿನ ಆಳವನ್ನು ತೋರಿಸಲು ಹಲವು ದಿನ ಕಾದಿದ್ದ ಪೈಪು ಈಗ ಬಾಯಿಯ ತನಕ ತುಂಬಿತ್ತು.

ಮಿನ್ ಓಡಿ ಬಂದ. ಅವನ ನಗು ಮೊದಲ ಸಲ ಮಾಯವಾಗಿತ್ತು. ತಾಮಕ್ಕನದು ಹೋದರೆ ಹೋಗಲಿ, ಈ ನೀರು ಅಂಚಿನಿಂದ ಜಿನುಗಿ ಪಕ್ಕದವರ ಗದ್ದೆಗೂ ಇಳಿದರೆ ಎಲ್ಲರದೂ ಕೆಟ್ಟಿತು ಎಂದ. ನಾನು ಆಯಿಯ ಪರವಾಗಿ ಕ್ಷಮೆ ಕೇಳುತ್ತ, ನಮ್ಮೂರ ರೂಢಿಯನ್ನು ಹರಕು ಇಂಗ್ಲಿಷಿನಲ್ಲಿ ವಿವರಿಸುತ್ತ ಬೆವರಿ ಹೋದೆ. ಅವನು ಅದನ್ನು ತಾಮಕ್ಕನಿಗೆ ಹೇಳಿದ. ಆಕೆ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು.

"ಬಿಡುವ ಮುಂಚೆ ನೀರಿನ ರುಚಿ ನೋಡಿದ್ದಾರಾ, ಅಂತ ಕೇಳ್ತಿದ್ದಾರೆ," ಎಂದ ಮಿನ್.

ನಾನು ಕನ್ನಡಕ್ಕೆ ತಿರುಗಿಸುವ ಮೊದಲೇ, ತಾಮಕ್ಕ ಬೆರಳನ್ನು ನಾಲಿಗೆಗೆ ತಾಗಿಸಿ ತೋರಿಸಿದ್ದರಿಂದ ಆಯಿಗೆ ಪ್ರಶ್ನೆ ಗೊತ್ತಾಗಿತ್ತು. ಆಯಿ ತೋರುಬೆರಳನ್ನು ಎತ್ತಿ ನಾಲಿಗೆಗೆ ಒತ್ತಿ, ತಲೆಯಾಡಿಸಿ, "ಸಿಹಿ ಅದೆ, ಸಿಹಿ! ನೋಡದೆ ಬಿಡ್ತ್ನಾ?" ಎಂದರು.

ತಾಮಕ್ಕ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಮ್ಮ ಮನೆಯಲ್ಲಿ ಮದುವೆಯಾದ ಲಾಗಾಯ್ತು ನಾನು ನೋಡುತ್ತಿರುವುದು ಅದೇ ಬೆರಳು, ಅದೇ ನಾಲಿಗೆ. ಗದ್ದೆಗೆ ನೀರು ಬಿಡುವ ಮುಂಚೆ ಆಯಿ ಹೀಗೆಯೇ ನೋಡುವುದು. ಸಮುದ್ರದ ಆಚೆಗೂ ಒಬ್ಬಾಕೆ ಅದನ್ನೇ ಮಾಡುತ್ತಾಳೆ ಎಂದು ನಮಗೇನು ಗೊತ್ತಿತ್ತು?

ಹಗ್ಗದ ಬುಟ್ಟಿ

ಆದರೆ ನಕ್ಕರೆ ನೀರು ಇಳಿಯುವುದಿಲ್ಲ. ಭರತ, ಅಂದರೆ ಸಮುದ್ರದ ಉಬ್ಬರ, ಬಂದು ಕಾಲುವೆ ತುಂಬಿದ್ದರಿಂದ ಅಂಚಿನ ಬಾಯಿ ಬಿಡಿಸಿದರೂ ನೀರು ಹೊರಹೋಗುವಂತಿರಲಿಲ್ಲ. ಮನೆಯ ಪಂಪು ತಾಮಕ್ಕನ ತಮ್ಮನ ತೋಟಕ್ಕೆ ದೋಣಿ ಏರಿ ಹೋಗಿತ್ತು, ಬರುವುದು ಸಂಜೆಗೆ.

ತಾಮಕ್ಕ ಕೊಟ್ಟಿಗೆಗೆ ಹೋಗಿ ಅಟ್ಟದಿಂದ ಏನನ್ನೋ ಎಳೆದು ತಂದಳು. ಧೂಳು ಹಿಡಿದ ಬುಟ್ಟಿ, ಅದರ ಎರಡೂ ಬದಿಗೆ ಎರಡೆರಡು ಹಗ್ಗ. ಇಬ್ಬರು ಎದುರುಬದುರು ನಿಂತು, ಹಗ್ಗ ಹಿಡಿದು, ಬುಟ್ಟಿಯನ್ನು ತೂಗಿ ನೀರಿಗೆ ಅದ್ದಿ ಆಚೆ ಎರಚುವ ಹಳೆಯ ಕಾಲದ ಸಾಧನ. ಪಂಪು ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲವಂತೆ. ಆಕೆ ಧೂಳು ಕೊಡವಿ, ಒಂದು ಬದಿಯ ಹಗ್ಗಗಳನ್ನು ಆಯಿಯ ಕೈಗಿಟ್ಟು ಏನೋ ಹೇಳಿದಳು.

ಮಿನ್‌ನ ಮುಖದಲ್ಲಿ ನಗು ವಾಪಸು ಬಂದಿತ್ತು. "ನೀನು ಒಳ್ಳೆಯದೇ ಮಾಡಿದೆ, ಈಗ ಹಗ್ಗ ಹಿಡಿ, ಅಂತಿದ್ದಾರೆ."

ಮೊದಮೊದಲು ಬುಟ್ಟಿ ಅಡ್ಡಾದಿಡ್ಡಿ ಹೋಯಿತು. ಒಮ್ಮೆ ಖಾಲಿಯೇ ಎದ್ದಿತು, ಒಮ್ಮೆ ನೀರೆಲ್ಲ ಮಿನ್‌ನ ಅಂಗಿಯ ಮೇಲೆ. ತಾಮಕ್ಕ ಬಾಯಲ್ಲಿ ಒಂದು ಲಯ ಹೇಳತೊಡಗಿದಳು. ಆಯಿ ಅದಕ್ಕೆ ಬಲೆ ಎಳೆಯುವಾಗ ನಮ್ಮ ಗಂಡಸರು ಹಾಕುವ "ಹೈಸಾ" ಸೇರಿಸಿದರು. ಆಮೇಲೆ ನೋಡಬೇಕಿತ್ತು! ಬುಟ್ಟಿ ಬಗ್ಗುವುದು, ತುಂಬುವುದು, ಹಾರುವುದು, ನೀರು ಬೀಸಣಿಗೆಯ ಹಾಗೆ ಬಿಚ್ಚಿಕೊಂಡು ಕಾಲುವೆಗೆ ಬೀಳುವುದು. ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯದು, ಬುಟ್ಟಿ ಮಾತ್ರ ಎಲ್ಲೂ ತಡವರಿಸಲಿಲ್ಲ. ಇಬ್ಬರೂ ದಣಿದಾಗ ನಾನೂ ಮಿನ್‌ನೂ ಹಿಡಿದೆವು. ಪಕ್ಕದ ಗದ್ದೆಯವರು ಸುದ್ದಿ ತಿಳಿದು ಬೈಯಲು ಬಂದವರು, ಸೀರೆ ಕಚ್ಚೆ ಹಾಕಿದ ಪರದೇಶದ ಮುದುಕಿಯನ್ನು ಕಂಡು ಬೈಗುಳ ಮರೆತು ಹಗ್ಗಕ್ಕೆ ಕೈ ಹಾಕಿದರು.

ಬಿಡುವಿನಲ್ಲಿ ಆಯಿ ಕೆಸರಿಗೆ ಇಳಿದು ಅಂಗಾಲು ಒತ್ತಿ ನಿಂತರು. ಮತ್ತೆ ಇನ್ನೊಂದು ಕಡೆ ಒತ್ತಿದರು. ಏನು ನೋಡುತ್ತಿದ್ದಾರೆಂದು ನನಗೆ ತಡವಾಗಿ ಹೊಳೆಯಿತು.

"ಗುಳ್ಳೆ ಏಳೂದಿಲ್ಲಲೇ," ಎಂದರು.

ಏಳುತ್ತಿರಲಿಲ್ಲವೆಂದೇನಲ್ಲ, ಅಲ್ಲೊಂದು ಇಲ್ಲೊಂದು ಏಳುತ್ತಿತ್ತು. ಆದರೆ ನಮ್ಮ ಗದ್ದೆಯಲ್ಲಿ ಕಾಲಿಟ್ಟರೆ ಅನ್ನ ಕುದಿದ ಹಾಗೆ ಏಳುತ್ತದೆ. ಹಲವು ದಿನದಿಂದ ಗಾಳಿ ಕುಡಿದ ಆ ಕೆಸರು ನಿಜಕ್ಕೂ ಬೇರೆಯೇ ಇತ್ತು. ಕೊಳೆತ ಕೆಸರಿನ ಆ ವಾಸನೆಯೂ ಇರಲಿಲ್ಲ. ಕೊಯ್ದ ಮೇಲೆ ಹುಲ್ಲನ್ನು ನೀರಲ್ಲಿ ಕೊಳೆಯಲು ಬಿಡದೆ ಅಣಬೆ ಬೆಳೆಯಲು ಒಯ್ಯುವುದೂ ಅದಕ್ಕೆ ಕಾರಣ ಎಂದು ಮಿನ್ ಹೇಳಿದ.

ಮಧ್ಯಾಹ್ನ ತಪಾಸಣೆಯವನು ಬಂದ. ಗದ್ದೆಯ ಮೇಲಿನ ನೀರು ಹೋಗಿತ್ತು, ಅಕ್ಕಪಕ್ಕದವರ ಗದ್ದೆ ಉಳಿದಿತ್ತು. ಆದರೆ ತಾಮಕ್ಕನ ಪೈಪಿನಲ್ಲಿ ನೀರು ನೆಲಮಟ್ಟಕ್ಕೇ ಇತ್ತು. ಅವನು ಇಣುಕಿ, ತಲೆಯಲ್ಲಾಡಿಸಿ, ಉಳಿದವರದಕ್ಕೆ ಗುರುತು ಹಾಕಿಕೊಂಡ. ತಾಮಕ್ಕನದಕ್ಕೆ ಇನ್ನೊಮ್ಮೆ ಬರುತ್ತೇನೆ ಎಂದ. ಅಷ್ಟರೊಳಗೆ ಮಳೆ ಬಂದರೆ ಈ ಸಲದ್ದು ಹೋದಂತೆಯೇ. ತಾಮಕ್ಕ ಅವನಿಗೆ ಚಹಾ ಕೊಟ್ಟು, ನಮ್ಮ ಶೆಟ್ಲಿಯನ್ನೂ ಕೊಟ್ಟಳು. ಯಾರಿಂದ ಹೀಗಾಯಿತು ಎಂದು ಆಕೆ ಒಮ್ಮೆಯೂ ಆಯಿಯ ಕಡೆ ಬೆರಳು ತೋರಿಸಲಿಲ್ಲ. ನಾನಾಗಿದ್ದರೆ ಬೈಲಿಗೇ ಕೇಳುವಂತೆ ಕೂಗಾಡುತ್ತಿದ್ದೆ.

ಹೊರಡುವ ದಿನ ಆಯಿ ಕುಚಲಕ್ಕಿಯ ಗಂಜಿ ಮಾಡಿ ತಾಮಕ್ಕನಿಗೆ ಉಣ್ಣಿಸಿದರು. ಆಕೆಗೆ ಅದು ಖಂಡಿತ ಸೇರಲಿಲ್ಲ. ಆದರೂ ಬಟ್ಟಲು ಬರಿದು ಮಾಡಿದಳು.

ಮತ್ತೆ ಅವರ್ಸಾ

ವಾಪಸು ಬರುವ ದಾರಿಯಿಡೀ ಆಯಿ ಗದ್ದೆಯ ಮಾತೆತ್ತಲಿಲ್ಲ. ಗುಂಪಿನ ಹೆಂಗಸರು ಸಂಜೆ ಜಗಲಿಗೆ ಬಂದು ಕೂತು, "ತುಳಸಕ್ಕ, ಎಂತ ಕಂಡ್ರಿ?" ಎಂದರೆ ಜೋಲಿಯ ಕತೆ, ನುಚ್ಚಿನ ಕತೆ, ಎರಡರಿಂದ ಎಣಿಸುವ ಕತೆ. ಆರಿಸುವ ವಿಷಯ ಕೇಳಿದರೆ, "ತಾಮಕ್ಕನ ಗದ್ದೆ ಸುದ್ದಿ ಬರ್ಲಿ ಮೊದ್ಲು," ಎಂದು ಎದ್ದು ಹೋಗುತ್ತಿದ್ದರು. ಹೊತ್ತು ಸಿಕ್ಕಾಗಲೆಲ್ಲ ನನ್ನ ಮೊಬೈಲಿನತ್ತ ಕಣ್ಣು. ಆ ಕಡೆ ಮಳೆ ಬಂತಾ ಎಂದು ಕೇಳುವುದು. ನಾನು ನನ್ನ ಆಸೆಯನ್ನು ಕಟ್ಟಿಟ್ಟೆ.

ಈ ನಡುವೆ ಆಯಿ ಎಣ್ಣೆಯ ಖಾಲಿ ಡಬ್ಬವೊಂದನ್ನು ಎಲ್ಲಿಂದಲೋ ತಂದು, ಬಾಯಿ ಕತ್ತರಿಸಿ, ಎರಡೂ ಬದಿಗೆ ತೂತು ಹೊಡೆದು, ದೋಣಿಯ ಹಳೇ ಹಗ್ಗ ಎರಡೆರಡು ಕಟ್ಟಿ ಕೊಟ್ಟಿಗೆಯಲ್ಲಿ ನೇತುಹಾಕಿದರು. ಹೋಗಿ ಬಂದ ನೆನಪಿಗೆ ಇರಬೇಕೆಂದು ನಾನು ತಿಳಿದೆ.

ಒಂದು ದಿನ ಮಿನ್ ಕಳಿಸಿದ ಫೋಟೋ ಬಂತು. ಅದೇ ಪೈಪು, ಒಳಗೆ ನೀರು ಕತ್ತಲಲ್ಲಿ ಎಲ್ಲೋ ಕೆಳಗೆ. ಪಕ್ಕದಲ್ಲಿ ಗೇಣು ಚಾಚಿದ ತಾಮಕ್ಕನ ಕೈ. ಕೆಳಗೆ ತಪಾಸಣೆಯವನು ಬಂದು ಗುರುತು ಹಾಕಿಕೊಂಡು ಹೋದ ಎಂಬ ಸಾಲು.

"ಅಬ್ಬಾ, ಆರ್ತು!" ಎಂದು ಆಯಿ ಎದೆ ಮೇಲೆ ಕೈಯಿಟ್ಟುಕೊಂಡರು. ಕಣ್ಣು ಒರೆಸಿಕೊಂಡದ್ದನ್ನೂ ನಾನು ನೋಡಿದೆ. ಆಮೇಲೆ ನನ್ನತ್ತ ತಿರುಗಿ, "ಹೊಳೆಬದಿ ತಗ್ಗಿನ ಗದ್ದೆ ಮುಟ್ಟೂಕಿಲ್ಲ. ಅಲ್ಲಿ ಆರಿದ್ರೆ ಉಪ್ಪು ಮೇಲೆ ಬತ್ತದೆ. ಮೇಲಿನ ಸಾಲು ಮಾತ್ರ. ಪೈಪಿಗೆ ತೂತು ಹೊಡೆಯೂದು ನಿನ್ನ ಕೆಲ್ಸ," ಎಂದರು.

ನಾನು ಹಾಗೆಯೇ ಅವರನ್ನು ತಬ್ಬಿಕೊಂಡೆ. "ಸಾಕ್ ಸಾಕ್, ಒಲೆ ಮೇಲೆ ಹಾಲು ಅದೆ," ಎಂದು ಕೊಸರಿಕೊಂಡರು.

ನಾಟಿಯಾಗಿ ಸಸಿ ಬೇರು ಹಿಡಿದ ಮೇಲೆ ಆಯಿ ತಮ್ಮ ಕೈಯಾರೆ ಅಂಚಿನ ಬಾಯಿ ಬಿಡಿಸಿ, ಹಳ್ಳದಿಂದ ಬರುವ ನೀರು ಕಟ್ಟಿದರು. ಕೆಳಗಿನ ಗದ್ದೆಯವರೆಲ್ಲ ಅಂಚಿನ ಮೇಲೆ ನಿಂತು ನೋಡಿದರು. ದಿನಕ್ಕೆಷ್ಟು ಸಲ ಆಯಿ ಪೈಪಿನೊಳಗೆ ಇಣುಕುತ್ತಿದ್ದರೋ ಲೆಕ್ಕವಿಲ್ಲ. ಬೆಳಗಾಗುವುದೇ ತಡ, ಗದ್ದೆಗೆ ಓಟ. ನೆಲ ಬಿಗಿಯಿತು, ಸಸಿ ಮಾತ್ರ ಹಸಿರಾಗಿಯೇ ನಿಂತಿತ್ತು.

ಇನ್ನೇನು ಗೇಣು ಇಳಿಯಬೇಕು ಅನ್ನುವಾಗ ಒಂದು ಬೆಳಿಗ್ಗೆ ಆಯಿ ಸ್ನಾನಕ್ಕೆ ಹೋಗಿದ್ದರು. ಅಂಗಳ ಗುಡಿಸುತ್ತಿದ್ದ ನಾನು ತಲೆ ಎತ್ತಿದರೆ, ಆಚೆ ಕೇರಿಯ ಬೊಮ್ಮಯ್ಯಣ್ಣ ನಮ್ಮ ಗದ್ದೆಯಲ್ಲಿ ಬಗ್ಗಿ ನಿಂತಿದ್ದ. ಕೂಲಿ ಕೆಲಸಕ್ಕೆ ಅಂಕೋಲಾಕ್ಕೆ ಹೋಗುವ ಬಸ್ಸು ಹಿಡಿಯಲು ಹೊರಟವನು. ನಮ್ಮ ಬೈಲಿನಲ್ಲಿ ಏನು ನಡೆದಿದೆಯೆಂದು ಅವನಿಗೆ ಗೊತ್ತಿಲ್ಲ. ತಿಂಡಿಯ ಚೀಲವನ್ನು ಅಂಚಿನ ಮೇಲಿಟ್ಟು, ಒಳ್ಳೆಯ ಪ್ಯಾಂಟು ಮೊಣಕಾಲಿಗೆ ಮಡಚಿ, ಅಂಚಿನ ಬಾಯಿಗೆ ಕೆಸರು ಮೆತ್ತಿ, ಅಂಗೈಯಲ್ಲಿ ಒರೆದು ನಯ ಮಾಡುತ್ತಿದ್ದ. ಹಳ್ಳದ ನೀರನ್ನು ಆಗಲೇ ಬಿಡಿಸಿಯಾಗಿತ್ತು. ಗದ್ದೆ ತುಂಬುತ್ತಿತ್ತು. ಅಂಚಿನ ಬಾಯಿ ಮತ್ತೆ ಬಿಡಿಸಿದರೆ ಆ ನೀರೆಲ್ಲ ಕೆಳಗಿನವರ ಆರುತ್ತಿದ್ದ ಗದ್ದೆಗೆ ಇಳಿಯುತ್ತಿತ್ತು.

ನಾನು ಕೂಗುವ ಮೊದಲೇ ಹಿಂದಿನಿಂದ ಆಯಿ ಬಂದರು, ಒದ್ದೆ ಕೂದಲಲ್ಲೇ. ಮುಖ ಕೆಂಪಾಗಿತ್ತು. ಬಾಯಿ ತೆರೆದರು. ಮುಗಿಯಿತು, ಬೊಮ್ಮಯ್ಯಣ್ಣನ ಏಳು ತಲೆಮಾರಿಗೂ ಈಗ ಮಂಗಳಾರತಿ ಎಂದುಕೊಂಡೆ.

ಆಯಿ ಬಾಯಿ ಮುಚ್ಚಿದರು. ಕೊಟ್ಟಿಗೆಗೆ ಹೋದರು. ನೇತುಹಾಕಿದ್ದ ಡಬ್ಬವನ್ನು ಇಳಿಸಿ ತಂದು ಗದ್ದೆಗೆ ಇಳಿದರು. ನಮ್ಮೂರಿನಲ್ಲಿ ಸೋರುವ ಗದ್ದೆ ಕಂಡು ಸುಮ್ಮನೆ ಹೋಗುವವರು ಯಾರೂ ಇಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತು.

ಬೊಮ್ಮಯ್ಯಣ್ಣ ಕೆಸರು ಕೈಯಲ್ಲಿ ಬೆವರು ಒರೆಸಿಕೊಂಡು ನಗುತ್ತ ನಿಂತಿದ್ದ. ಆಯಿ ಹಳ್ಳದ ನೀರು ಮತ್ತೆ ಕಟ್ಟುವುದನ್ನು ಕಂಡು ಅವನ ನಗು ಸಣ್ಣಗಾಯಿತು.

"ಎಂತಕ್ಕೆ ತುಳಸಕ್ಕ? ಒಳ್ಳೇದೇ ಮಾಡಿದ್ನಲಾ ನಾನು?"

"ಹೌದೋ ತಮ್ಮಾ, ಒಳ್ಳೇದೇ ಮಾಡ್ದೆ," ಎಂದು ಆಯಿ ಒಂದು ಬದಿಯ ಹಗ್ಗಗಳನ್ನು ಅವನ ಕೈಗಿಟ್ಟರು. "ಈಗ ಹಗ್ಗ ಹಿಡಿ."